‘ಸಾಯುತ್ತಾರೆ’ ಸುಲಭ, ‘ಸಾಯುತ್ತೇನೆ’ ಕಷ್ಟ

‘ಎಲ್ಲರೂ ಸಾಯುತ್ತಾರೆ’ ಅನ್ನುವುದು ಸುಲಭ. ಅದನ್ನೇ ‘ಸಾಯುತ್ತೇನೆ’ ಅಂತ ಹೇಳಿ ನೋಡಿ, ನಾಲಿಗೆ ತಡವರಿಸುತ್ತದೆ. ಸಾವಿನ ಬಗ್ಗೆ ಅಸ್ತಿತ್ವವಾದಿಗಳು, ಅಂದರೆ ಒಬ್ಬೊಬ್ಬ ಮನುಷ್ಯನ ಬದುಕು ಮತ್ತು ಆಯ್ಕೆಯಿಂದಲೇ ಯೋಚನೆ ಶುರು ಮಾಡುವ ತತ್ವಜ್ಞಾನಿಗಳು, ಬರೆದದ್ದರಲ್ಲಿ ಜಾಸ್ತಿ ಪಾಲು ಈ ತಡವರಿಕೆಯ ಬಗ್ಗೆಯೇ.

ಹಳೆಯ ಉತ್ತರವೊಂದು ಗ್ರೀಸಿನ ಎಪಿಕ್ಯೂರಸ್‌ನದು. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಮತ್ತೆ ಹೆದರಿಕೆ ಯಾಕೆ? ವಾದ ಚೆನ್ನಾಗಿದೆ. ಆದರೆ ಇದನ್ನು ಓದಿ ನಡುರಾತ್ರಿಯ ಭಯ ಬಿಟ್ಟವರು ಇದ್ದಾರೆಯೇ ಅಂತ ನನಗೆ ಅನುಮಾನ.

ಟಾಲ್‌ಸ್ಟಾಯ್ ಬರೆದ ‘ಇವಾನ್ ಇಲಿಚ್‌ನ ಸಾವು’ 1886ರಲ್ಲಿ ಬಂತು. 45 ವರ್ಷದ ನ್ಯಾಯಾಧೀಶ ಹಾಸಿಗೆ ಹಿಡಿದಿದ್ದಾನೆ. ಹುಡುಗನಾಗಿದ್ದಾಗ ಕಲಿತ ತರ್ಕದ ಪಾಠ ನೆನಪಾಗುತ್ತದೆ: ಕೈಯಸ್ ಮನುಷ್ಯ, ಮನುಷ್ಯರು ಸಾಯುತ್ತಾರೆ, ಆದ್ದರಿಂದ ಕೈಯಸ್ ಸಾಯುತ್ತಾನೆ. ಕೈಯಸ್ ಸಾಯಲಿ, ಸರಿ. ಆದರೆ ಪಟ್ಟೆಪಟ್ಟೆಯ ಚರ್ಮದ ಚೆಂಡಿನ ವಾಸನೆ ಇನ್ನೂ ನೆನಪಿರುವ ತಾನು? ಮನೆಯವರು, ಡಾಕ್ಟರು ಎಲ್ಲರೂ ಬರೀ ಕಾಯಿಲೆ ಅನ್ನುವ ನಾಟಕ ಆಡುತ್ತಾರೆ. ಸುಳ್ಳು ಹೇಳದವನು ಆಳು ಗೆರಾಸಿಮ್ ಒಬ್ಬನೇ.

ಜರ್ಮನ್ ತತ್ವಜ್ಞಾನಿ ಹೈಡೆಗರ್ 1927ರ ‘ಬೀಯಿಂಗ್ ಅಂಡ್ ಟೈಮ್’ ಪುಸ್ತಕದಲ್ಲಿ ಇದೇ ತಳಮಳವನ್ನು ತತ್ವಶಾಸ್ತ್ರಕ್ಕೆ ತಂದರು. ‘ಜನ ಸಾಯುತ್ತಾರೆ’ ಅನ್ನುತ್ತಲೇ ನಾವು ನಮ್ಮ ಸಾವಿನಿಂದ ಮುಖ ತಿರುಗಿಸುತ್ತೇವೆ. ನನ್ನ ಬದಲು ಇನ್ನೊಬ್ಬರು ಸಾಯಲಾರರು. ಅದನ್ನು ಒಪ್ಪಿಕೊಂಡಾಗಲೇ ಬದುಕು ನನ್ನದಾಗುತ್ತದೆ ಅನ್ನುವುದು ಅವರ ಮಾತು. ಆ ದಪ್ಪ ಪುಸ್ತಕದಲ್ಲಿ ಟಾಲ್‌ಸ್ಟಾಯ್ ಕಥೆಗೆ ಸಿಕ್ಕಿದ್ದು ಒಂದು ಅಡಿಟಿಪ್ಪಣಿ. ಇನ್ನೊಂದಿಷ್ಟು ಜಾಗ ಕೊಡಬಹುದಿತ್ತು, ಅಲ್ವಾ?

ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ 1943ರಲ್ಲಿ ಹೈಡೆಗರ್ ಮಾತನ್ನು ತಳ್ಳಿಹಾಕಿದರು. ಸಾವು ಬದುಕಿಗೆ ಅರ್ಥ ಕೊಡುವುದಿಲ್ಲ, ಇದ್ದ ಅರ್ಥವನ್ನೂ ಕಿತ್ತುಕೊಳ್ಳುತ್ತದೆ. ಸತ್ತ ಮೇಲೆ ನಾನು ಯಾರಾಗಿದ್ದೆ ಅಂತ ತೀರ್ಮಾನಿಸುವವರು ಬದುಕಿರುವವರು.

ಇವರೆಲ್ಲರ ಲೆಕ್ಕ ‘ನಾನು’, ‘ಜನ’ ಇಷ್ಟರಲ್ಲೇ ಮುಗಿಯುತ್ತಿತ್ತು. ಫ್ರೆಂಚ್ ಲೇಖಕಿ ಸಿಮೋನ್ ದ ಬೊವ್ವಾರ್ ನಡುವೆ ಅಮ್ಮನನ್ನು ತಂದರು. ಕ್ಯಾನ್ಸರ್‌ನಿಂದ ಸಾಯುತ್ತಿದ್ದ ತಾಯಿಯ ಪಕ್ಕ ಕೂತು ಕಳೆದ ದಿನಗಳನ್ನು 1964ರಲ್ಲಿ ಬರೆದರು. ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಿರಲಿಲ್ಲ. ಇವಾನ್‌ನ ಮನೆಯವರ ನಾಟಕವನ್ನೇ ಈ ತತ್ವಜ್ಞಾನಿಯೂ ಆಡಬೇಕಾಯಿತು, ಆಡಿದ್ದನ್ನು ಮುಚ್ಚಿಡಲಿಲ್ಲ. ಈ ಸಾಲಿನಲ್ಲಿ ನಾನು ಮೊದಲು ನಂಬುವುದು ಈ ಪುಸ್ತಕವನ್ನು.

ಆಮೇಲಿನ ಕಾದಂಬರಿಗಳಲ್ಲಿ ನಗು ಜಾಸ್ತಿ. ಅಮೆರಿಕದ ಡಾನ್ ಡಿಲಿಲೊ 1985ರಲ್ಲಿ ಸಾವಿನ ಭಯಕ್ಕೇ ಒಂದು ಮಾತ್ರೆ ಕಲ್ಪಿಸಿದರು. 2005ರಲ್ಲಿ ಬಂದ ಪೋರ್ಚುಗಲ್‌ನ ಸರಮಾಗೊ ಅವರ ಕಾದಂಬರಿಯಲ್ಲಿ ಒಂದು ದೇಶದಲ್ಲಿ ಜನವರಿ 1ರಿಂದ ಯಾರೂ ಸಾಯುವುದಿಲ್ಲ. ಮೊದಲು ಸಂಭ್ರಮ. ಆಮೇಲೆ ಆಸ್ಪತ್ರೆ, ವಿಮಾ ಕಂಪನಿ, ಚರ್ಚು ಎಲ್ಲಕ್ಕೂ ತಲೆನೋವು. ಸಾಯಲೂ ಆಗದೆ ಬದುಕಲೂ ಆಗದೆ ಮಲಗಿದ ಅಜ್ಜನನ್ನು ಒಂದು ಮನೆಯವರು ರಾತ್ರೋರಾತ್ರಿ ಗಡಿ ದಾಟಿಸುತ್ತಾರೆ. ಆಚೆ ಕಡೆ ಸಾವು ಎಂದಿನಂತೆ ಕೆಲಸದಲ್ಲಿದೆ. ಕರೆದುಕೊಂಡು ಹೋಗಿ ಅಂತ ಕೇಳಿದ್ದು ಅಜ್ಜನೇ.