ಹೊನ್ನಾವರ: ಮೆಣಸು ಇಳಿದು ಬಂದ ನದಿ, ಮರಳು ಕಟ್ಟಿದ ಅಳಿವೆ

ಕೊಂಕಣ ರೈಲು ಹೊನ್ನಾವರದ ಶರಾವತಿ ಸೇತುವೆ ಹತ್ತಿದ ಕೂಡಲೇ ಮೊಬೈಲ್ ನೋಡುತ್ತಿದ್ದವರೂ ಕಿಟಕಿ ಕಡೆ ತಿರುಗುತ್ತಾರೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅದು. ಕೆಳಗೆ ಅಗಲವಾಗಿ ಹರಡಿದ ನದಿ, ನಡುವೆ ತೆಂಗು ತುಂಬಿದ ಕುರ್ವೆಗಳು ಅಂದರೆ ನದಿಯ ನಡುಗಡ್ಡೆಗಳು, ಪಡುವಣಕ್ಕೆ ನದಿ ಕಡಲು ಸೇರುವ ಅಳಿವೆ.

ಬಂದರು ಅಂದರೆ ನಮಗೆ ಮೊದಲು ನೆನಪಾಗೋದು ಸಮುದ್ರ, ಅಲ್ವಾ? ಹೊನ್ನಾವರದ ಹಳೇ ಬಂದರಿನಲ್ಲಿ ಜಾಸ್ತಿ ದುಡಿದದ್ದು ನದಿ. ಮಲೆನಾಡಿನ ಕಾಳುಮೆಣಸು ಘಟ್ಟ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ, ಹೊನ್ನಾವರದಿಂದ ಕಡಲಾಚೆಗೆ. ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಗೆ ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಅದಕ್ಕೂ ಮೊದಲು, 1340ರ ದಶಕದಲ್ಲಿ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಅವನ ಬರಹದಲ್ಲಿ ಇದು ‘ಹಿನೌರ್’. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎನ್ನುತ್ತಾನೆ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ! ಹಡಗಿನ ಲೆಕ್ಕಕ್ಕಿಂತ ಈ ಲೆಕ್ಕವೇ ನನಗೆ ಊರಿನ ಸಿರಿಯನ್ನು ಚೆನ್ನಾಗಿ ಹೇಳುತ್ತದೆ.

ಮೆಣಸಿನ ವಾಸನೆ ಹಿಡಿದು ಬಂದವರು ಬರೀ ವ್ಯಾಪಾರಕ್ಕೆ ಬರಲಿಲ್ಲ. 1505ರಲ್ಲಿ ಪೋರ್ಚುಗೀಸರು ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟರು. ಐದೇ ವರ್ಷಕ್ಕೆ, ಇದೇ ಕಡಲಲ್ಲಿ ಹಡಗುಪಡೆ ಇಟ್ಟುಕೊಂಡಿದ್ದ ತಿಮ್ಮೋಜ ಗೋವಾ ಹಿಡಿಯಲು ಅವರಿಗೆ ಜೊತೆಯಾದ! 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನೇ ಹಿಡಿದು ಕೋಟೆ ಕಟ್ಟಿದರು. ಆಮೇಲೆ ಕೆಳದಿಯ ಅರಸರು, ಹೈದರಾಲಿ, ಟಿಪ್ಪು, ಕೊನೆಗೆ ಇಂಗ್ಲಿಷರು.

ಬಂದರನ್ನು ಹಿಂದಕ್ಕೆ ತಳ್ಳಿದ್ದು ಈ ಯುದ್ಧಗಳಿಗಿಂತ ಹೆಚ್ಚಾಗಿ ಮರಳು. ನದಿ ತಂದ ಮರಳನ್ನು ಕಡಲಿನ ಅಲೆ ಅಳಿವೆಯಲ್ಲೇ ದಿಬ್ಬ ಕಟ್ಟುತ್ತದೆ. ದೋಣಿಗೆ ಅದು ಹೇಗೋ ದಾಟುವಂಥದ್ದು, ದೊಡ್ಡ ಹಡಗಿಗೆ ಅಲ್ಲ. ಹಡಗುಗಳು ದೊಡ್ಡದಾದ ಹಾಗೆ ಹೊನ್ನಾವರ ಚಿಕ್ಕದಾಯಿತು. ಈಗಲೂ ಅಳಿವೆ ದಾಟುವಾಗ ಮೀನುಗಾರರು ಉಸಿರು ಬಿಗಿಹಿಡಿಯುತ್ತಾರೆ.

ಇಂದು ಜನ ಬರೋದು ಬೇರೆ ಕಾರಣಕ್ಕೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಟ್ಟಿದ ಮರದ ದಾರಿ, ಕಡಲ ನಡುವಿನ ಬಸವರಾಜದುರ್ಗ, 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ‘ನೀಲಿ ಬಾವುಟ’ (ಬ್ಲೂ ಫ್ಲ್ಯಾಗ್) ಮಾನ್ಯತೆ ಪಡೆದ ಕಾಸರಕೋಡ ಕಡಲತೀರ.

ಅದೇ ಕಾಸರಕೋಡದ ಟೊಂಕ ಎಂಬಲ್ಲಿ ಈಗ ಹೊಸ ಖಾಸಗಿ ಬಂದರಿನ ಜಗಳ. ದೊಡ್ಡ ಹಡಗು ಬರಬೇಕಾದರೆ ಹೂಳು ತೆಗೆಯಬೇಕು, ಸರಕು ಸಾಗಿಸಲು ರಸ್ತೆ ಬೇಕು. ಮೀನುಗಾರರು ಬೀದಿಗಿಳಿದಿದ್ದಾರೆ. ಹಡಗುಗಳನ್ನು ದೂರ ಇಟ್ಟ ಮರಳೇ ಅವರಿಗೆ ದೋಣಿ ಎಳೆದಿಡುವ ಜಾಗ ಕೊಟ್ಟಿದೆ. ಹೆಂಗಸರು ಮೀನು ಒಣಗಿಸೋದು ಅದರ ಮೇಲೇ. ಚಳಿಗಾಲದ ರಾತ್ರಿ ಕಡಲಾಮೆಗಳು ಮೊಟ್ಟೆ ಇಡಲು ಹತ್ತಿ ಬರೋದೂ ಅಲ್ಲಿಗೇ.