ಆ ಎರಡು ಚಿತ್ರಗಳು ಯಾವ ತಿಂಗಳವು?

ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಲ್ಲಿಸುವ ಕಾಲ ಬಂದರೆ ನನ್ನ ಮೇಜಿನ ಮೇಲೆ ಒಂದೇ ಥರದ ನಕ್ಷೆಗಳು ಬಂದು ಬೀಳುತ್ತವೆ. ಎಡಕ್ಕೆ ಹಳೆಯ ಉಪಗ್ರಹ ಚಿತ್ರ, ಬಲಕ್ಕೆ ಹೊಸದು. ಕೆಳಗೆ ಒಂದರಿಂದ ಇನ್ನೊಂದನ್ನು ಕಳೆದು ಮಾಡಿದ ಮೂರನೆಯದು, ಹಸಿರು ಇಳಿದಲ್ಲೆಲ್ಲ ಕೆಂಪು, ಹಾಗಾಗಿ ಮೈತುಂಬಾ ಕೆಂಪು. ಜೊತೆಗೆ ಒಂದು ಸಾಲು: 'ಅರ್ಧಕ್ಕರ್ಧ ಕಾಡು ನಾಶವಾಗಿದೆ.'

ನಾನು ಮೊದಲು ಕೇಳುವುದು ಒಂದೇ. ಇವು ಯಾವ ತಿಂಗಳ ಚಿತ್ರಗಳು?

"ಹಳೆಯದು ನವೆಂಬರ್, ಹೊಸದು ಮಾರ್ಚ್, ಮೇಡಂ. ಮೋಡ ಇಲ್ಲದ್ದು ಅದೇ ಸಿಕ್ಕಿತು."

ಮಳೆ ಮುಗಿದ ಹೊಸತರಲ್ಲಿ ತುಂಬಿ ನಿಂತ ಕಾಡನ್ನು ಎಲೆ ಉದುರಿಸಿ ನಿಂತ ಅದೇ ಕಾಡಿನ ಜೊತೆ ಹೋಲಿಸಿದರೆ ಕೆಂಪು ಬಾರದೆ ಇನ್ನೇನು ಬರುತ್ತದೆ? ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಈ ನಕ್ಷೆಗಳು ತೋರಿಸುವುದು ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಎಂದು ಹೇಳುವ ಒಂದು ಸೂಚ್ಯಂಕ. ಅದು ಮರವನ್ನು ನೋಡುವುದಿಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ -1ರಿಂದ +1ರ ನಡುವೆ ಒಂದು ಸಂಖ್ಯೆ ಸಿಗುತ್ತದೆ. ಅಷ್ಟೇ. ಎಲೆ ಉದುರಿದರೆ ಸಂಖ್ಯೆ ಇಳಿಯುತ್ತದೆ. ಮರ ಕಡಿದರೂ ಇಳಿಯುತ್ತದೆ. ಒಂದು ದಿನದ ಚಿತ್ರ ನೋಡಿ ಯಾವುದರಿಂದ ಇಳಿಯಿತು ಎಂದು ಹೇಳಲಾಗದು.

"ಹಾಗಾದರೆ ಎರಡೂ ಮಾರ್ಚ್‌ನವೇ ಆದರೆ ಸಾಕಲ್ವಾ?" ಎನ್ನುತ್ತಾರೆ. ಮೊದಲಿಗಿಂತ ವಾಸಿ, ಆದರೂ ಸಾಲದು. ಒಂದು ವರ್ಷ ಮಳೆ ಬೇಗ ನಿಂತಿರಬಹುದು. ಎಲೆ ಮೂರು ವಾರ ಮುಂಚೆಯೇ ಉದುರಿರಬಹುದು. ಎರಡು ಚುಕ್ಕೆ ಇಟ್ಟರೆ ಯಾವಾಗಲೂ ಒಂದು ಗೆರೆ ಬರುತ್ತದೆ, ಅದು ಏರುತ್ತದೆ ಇಲ್ಲವೇ ಇಳಿಯುತ್ತದೆ. ಅದರಿಂದ ಕಾಡಿನ ಕತೆ ತಿಳಿಯುವುದಿಲ್ಲ.

2008ರಿಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಚಿತ್ರಗಳೆಲ್ಲ ಉಚಿತ. ಒಂದೊಂದು ಉಪಗ್ರಹ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ 5 ದಿನಕ್ಕೊಮ್ಮೆ. ಇಷ್ಟಿರುವಾಗ ಎರಡೇ ಚಿತ್ರಕ್ಕೆ ಯಾಕೆ ಜೋತುಬೀಳಬೇಕು? ಸಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳಿ, ಮೋಡ ಇರುವ ಪಿಕ್ಸೆಲ್‌ಗಳನ್ನು ಬಿಡಿ, ಒಂದೇ ಜಾಗದ ಎನ್‌ಡಿವಿಐ ಸಂಖ್ಯೆಗಳನ್ನು ವರ್ಷಗಟ್ಟಲೆ ಸಾಲಾಗಿ ಜೋಡಿಸಿ. ಎಲೆ ಉದುರಿಸುವ ಕಾಡಾದರೆ ಗೆರೆ ಪ್ರತಿ ವರ್ಷ ಇಳಿದು ಮತ್ತೆ ಏರುತ್ತದೆ. ಕಡಿದ ಜಾಗದಲ್ಲಿ ಸಾಮಾನ್ಯವಾಗಿ ಮುಂದಿನ ಮಳೆಗಾಲ ಕಳೆದರೂ ಹಳೆಯ ಎತ್ತರಕ್ಕೆ ಬರುವುದಿಲ್ಲ. 'ಸಾಮಾನ್ಯವಾಗಿ' ಎಂದು ಬೇಕೆಂದೇ ಹೇಳಿದೆ. ಕಡಿದಲ್ಲಿ ಕಳೆಗಿಡವೋ ನೆಡುತೋಪೋ ಬೆಳೆದರೆ ಗೆರೆ ಮತ್ತೆ ಏರೀತು. ತೀರಾ ದಟ್ಟ ಕಾಡಿನಲ್ಲಿ ಸಂಖ್ಯೆ ಮೇಲೆ ಹೋಗಿ ನಿಂತುಬಿಡುತ್ತದೆ, ಸ್ವಲ್ಪ ತೆಳುವಾದರೂ ಗೊತ್ತಾಗುವುದಿಲ್ಲ.

ಬ್ಯಾಂಡ್ ಸಂಖ್ಯೆಯನ್ನೂ ನೋಡಿಕೊಳ್ಳಿ. ಉಪಗ್ರಹ ಒಂದೊಂದು ಬಣ್ಣದ ಬೆಳಕನ್ನು ಒಂದೊಂದು ಬ್ಯಾಂಡ್‌ನಲ್ಲಿ ಬೇರೆಯಾಗಿ ದಾಖಲಿಸುತ್ತದೆ. ಲ್ಯಾಂಡ್‌ಸ್ಯಾಟ್ 5ರಲ್ಲಿ ಕೆಂಪು 3, ಇನ್‌ಫ್ರಾರೆಡ್ 4. ಲ್ಯಾಂಡ್‌ಸ್ಯಾಟ್ 8ರಲ್ಲಿ 4 ಮತ್ತು 5, ಅಲ್ಲಿ 3 ಎಂದರೆ ಹಸಿರು. ಹಳೆಯ ಸೂತ್ರವನ್ನೇ ಹೊಸದಕ್ಕೆ ಹಾಕಿದರೆ ಕೆಂಪಿನಿಂದ ಹಸಿರನ್ನು ಕಳೆದಂತಾಗುತ್ತದೆ, ದಟ್ಟ ಕಾಡೂ ಬೋಳಾಗಿ ಕಾಣುತ್ತದೆ.

ಒಮ್ಮೆ ಹೀಗೇ ಕೆಂಪು ನಕ್ಷೆ ತಂದ ಹುಡುಗಿಯೊಬ್ಬಳನ್ನು ಆ ಜಾಗಕ್ಕೇ ಕರೆದುಕೊಂಡು ಹೋದೆ. ಬೇಸಿಗೆ. ಸುತ್ತಲೂ ಬರೀ ಕೊಂಬೆಗಳು. "ಎಲ್ಲಾ ಒಣಗಿದೆ, ನೋಡಿ ಮೇಡಂ," ಎಂದಳು. ಒಂದು ಎಳೆಯ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡು ಎಂದೆ. ಸಿಪ್ಪೆಯ ಕೆಳಗೆ ಹಸಿರು, ಒದ್ದೆ. ಅವಳು ಪಕ್ಕದ ಮರಕ್ಕೆ ಹೋದಳು, ಆಮೇಲೆ ಅದರಾಚೆಯದಕ್ಕೆ. ಬಿಸಿಲಿನಲ್ಲಿ ಒಂದು ಗಂಟೆ ಹಾಗೇ ಓಡಾಡಿದಳು. ಅವತ್ತು ಅವಳ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಮುಂದಿನ ವಾರ ಹನ್ನೆರಡು ವರ್ಷದ ಗೆರೆಗಳನ್ನು ಎಳೆದು ತಂದಳು. ಹೆಚ್ಚುಕಡಿಮೆ ಎಲ್ಲ ಕಡೆ ಮಳೆಗಾಲದ ನಂತರ ಗೆರೆ ಮೇಲೇರಿತ್ತು. ರಸ್ತೆ ಬದಿಯ ನಾಲ್ಕೈದು ಪಿಕ್ಸೆಲ್‌ಗಳಲ್ಲಿ ಮಾತ್ರ ಒಂದು ವರ್ಷ ಇಳಿದದ್ದು ಮತ್ತೆ ಏರಿರಲಿಲ್ಲ. ಹೋಗಿ ನೋಡಿದೆವು. ಅಲ್ಲಿ ಬುಡಗಳಷ್ಟೇ ಉಳಿದಿದ್ದವು. ಅವಳ ಮೊದಲ ನಕ್ಷೆಯ ಕೆಂಪಿನಲ್ಲಿ ಆ ಜಾಗ ಬೇರೆಯಾಗಿ ಕಂಡೇ ಇರಲಿಲ್ಲ.