ಚಿಗಾಂಗ್ ಮಾಡಿದರೆ ಬಿಪಿ ಮಾತ್ರೆ ಬಿಡಬಹುದಾ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಬಿಪಿಗೆ ಬಹಳ ಕಾಲದಿಂದ ಮಾತ್ರೆ ತಗೊಳ್ತಿದ್ದಾರೆ, ಮಂಡಿನೋವೂ ಇದೆ. ಈಗ ಯೂಟ್ಯೂಬ್ ನೋಡಿಕೊಂಡು ದಿನಾ ಬೆಳಿಗ್ಗೆ ಚೀನಾದ ಬಾದುವಾನ್‌ಜಿನ್ ಅನ್ನೋ ಚಿಗಾಂಗ್ ವ್ಯಾಯಾಮ ಮಾಡ್ತಾರೆ. ‘ಬಿಪಿ ಇದರಲ್ಲೇ ಇಳಿಯುತ್ತಂತೆ, ಇನ್ನು ಮಾತ್ರೆ ಯಾಕೆ’ ಅಂತಾರೆ. ಆನ್‌ಲೈನ್‌ನಲ್ಲಿ ಚೀನೀ ಗಿಡಮೂಲಿಕೆ ಪುಡಿ ತರಿಸುವ ಯೋಚನೆಯೂ ಇದೆ. ಏನು ಹೇಳಲಿ?

ಉತ್ತರ: ವ್ಯಾಯಾಮ ಖಂಡಿತ ಮುಂದುವರಿಸಲಿ. ಮಾತ್ರೆಯನ್ನು ತಾವಾಗಿಯೇ ಬಿಡುವುದು ಬೇಡ. ಪುಡಿಯನ್ನಂತೂ ತರಿಸಲೇಬೇಡಿ. ವ್ಯಾಯಾಮ, ಮಾತ್ರೆ ಬಿಡುವುದು, ಪುಡಿ, ಈ ಮೂರನ್ನೂ ‘ಚೀನಾದ ಸಹಜ ಚಿಕಿತ್ಸೆ’ ಅಂತ ಒಂದೇ ಚೀಲಕ್ಕೆ ಹಾಕಿರುವುದರಿಂದಲೇ ಗೊಂದಲ ಹುಟ್ಟಿದೆ.

ಚಿಗಾಂಗ್ ಅನ್ನುವುದು ನಿಧಾನದ ಚಲನೆ, ಉಸಿರು, ಏಕಾಗ್ರತೆ ಸೇರಿದ ಹಲವು ಅಭ್ಯಾಸಗಳ ಒಟ್ಟು ಹೆಸರು. ಇದರ ಬೇರು ಹಳೆಯದು. 1970ರ ದಶಕದ ಆರಂಭದಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಅಗೆದಾಗ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಒಂದು ಸಮಾಧಿಯೊಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ಚಿತ್ರ ಸಿಕ್ಕಿತು. ಅದರಲ್ಲಿ 44 ಜನ, ಗಂಡಸರೂ ಹೆಂಗಸರೂ, ಕೈ ಚಾಚಿ, ಸೊಂಟ ಬಾಗಿಸಿ ವ್ಯಾಯಾಮ ಮಾಡುತ್ತಿದ್ದಾರೆ. ನಿಮ್ಮ ಅಮ್ಮ ಮಾಡುವ ಬಾದುವಾನ್‌ಜಿನ್‌ನ ಹೆಸರು ಸೋಂಗ್ ಅರಸರ ಕಾಲದ, ಅಂದರೆ 12ನೇ ಶತಮಾನದ ಬರಹಗಳಲ್ಲಿ ಇದೆ. ಆದರೆ ವೀಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ರೂಪ ಹೊಸದು: 2003ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಇಲಾಖೆ ನಾಲ್ಕು ಪದ್ಧತಿಗಳನ್ನು ಆರಿಸಿ, ತಿದ್ದಿ, ಒಂದೇ ಅಳತೆಗೆ ತಂದಿತು. ಅವುಗಳಲ್ಲಿ ಇದೂ ಒಂದು. ‘ಸಾವಿರಾರು ವರ್ಷದಿಂದ ಹೀಗೇ ನಡೆದುಬಂದಿದೆ’ ಅನ್ನುವವರ ಮಾತನ್ನು ಪೂರ್ತಿ ನಂಬಬೇಡಿ.

ಇದರಲ್ಲಿ ಎಂಟು ಚಲನೆಗಳಿವೆ. ಎರಡೂ ಕೈಯಿಂದ ಆಕಾಶ ಎತ್ತುವುದು, ಬಿಲ್ಲು ಎಳೆಯುವುದು, ಕತ್ತು ತಿರುಗಿಸಿ ಹಿಂದೆ ನೋಡುವುದು, ಬಾಗಿ ಪಾದ ಹಿಡಿಯುವುದು, ಹೀಗೆ. ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಪದ್ಯವುಂಟು, ಅದರಲ್ಲೇ ಫಲಶ್ರುತಿಯೂ ಉಂಟು. ಕೊನೆಯ ಸಾಲಂತೂ ಹಿಮ್ಮಡಿ ಎತ್ತಿ ಏಳು ಸಲ ಕುಕ್ಕಿದರೆ ನೂರು ರೋಗ ಮಾಯ ಅನ್ನುತ್ತದೆ! ನಮ್ಮ ವ್ರತಕಥೆಗಳ ಫಲಶ್ರುತಿಯನ್ನು ನಾವು ಹೇಗೆ ಕೇಳುತ್ತೇವೋ ಹಾಗೇ ಇದನ್ನೂ ಕೇಳಬೇಕು. ಮೈಯೊಳಗೆ ‘ಚಿ’ ಎಂಬ ಶಕ್ತಿ ಹರಿಯುತ್ತದೆ ಎಂಬುದು ಅವರ ವೈದ್ಯಪರಂಪರೆಯ ಕಲ್ಪನೆ. ಯಾವ ಯಂತ್ರವೂ ಅದನ್ನು ಅಳೆದು ತೋರಿಸಿಲ್ಲ. ಹಾಗಂತ ವ್ಯಾಯಾಮದ ಫಲ ಸುಳ್ಳಾಗುವುದಿಲ್ಲ. ಕಾಲಿನ ಸ್ನಾಯುಗಳ ಮೇಲೆ ಭಾರ ಬೀಳುತ್ತದೆ, ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಉಸಿರು ದೀರ್ಘವಾಗುತ್ತದೆ. ಕೆಲಸ ಮಾಡುವುದು ಇವೇ.

ಬಿಪಿಯ ವಿಷಯಕ್ಕೆ ಬರೋಣ. ಚಿಗಾಂಗ್‌ನ ಹತ್ತಿರದ ಸಂಬಂಧಿಯಾದ, ನಿಧಾನದ ಚಲನೆಗಳ ಚೀನೀ ವ್ಯಾಯಾಮ ತಾಯ್‌ಚಿಯ ಮೇಲೆ ಬೀಜಿಂಗ್‌ನಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. 342 ಜನರಲ್ಲಿ ಅರ್ಧದಷ್ಟು ಮಂದಿ ತಾಯ್‌ಚಿ, ಉಳಿದವರು ಬಿರುಸು ನಡಿಗೆ, ಸೈಕಲ್, ಮೆಟ್ಟಿಲು ಹತ್ತುವಂಥ ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ ಬಿಪಿಯ ಮೇಲಿನ ಅಂಕಿ ತಾಯ್‌ಚಿಯವರಲ್ಲಿ ಸರಾಸರಿ 7ರಷ್ಟು, ಇನ್ನೊಂದು ಗುಂಪಿನಲ್ಲಿ 4.6ರಷ್ಟು ಇಳಿದಿತ್ತು. ಒಳ್ಳೆಯ ಫಲಿತಾಂಶವೇ. ಆದರೆ ಅದರಲ್ಲಿ ಇದ್ದವರು ಯಾರು? ಬಿಪಿ ಇನ್ನೂ ಅಂಚಿನಲ್ಲಿದ್ದವರು, ಅಂದರೆ ಮೇಲಿನ ಅಂಕಿ 120ರಿಂದ 139ರ ನಡುವೆ ಅಥವಾ ಕೆಳಗಿನದು 80ರಿಂದ 89ರ ನಡುವೆ ಇದ್ದವರು. ವಯಸ್ಸು 65 ದಾಟಿರಲಿಲ್ಲ. ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ, ಇಡೀ ವರ್ಷ. ಮಾತ್ರೆ ನುಂಗುತ್ತಿರುವ 67ರ ಅಮ್ಮ ಅದನ್ನು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಕೇಳಿಯೇ ಇಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ಥರದ ಮಾತ್ರೆಗಳನ್ನು ದಿಢೀರನೆ ನಿಲ್ಲಿಸುವುದು ಇನ್ನೂ ಅಪಾಯ, ಬಿಪಿ ಒಮ್ಮೆಲೇ ಮೇಲೆ ಹಾರಬಹುದು.

ಮಂಡಿನೋವಿಗೆ ಇದರಿಂದ ಹೆಚ್ಚು ಭರವಸೆ ಇಡಬಹುದು. 2016ರಲ್ಲಿ ಅಮೆರಿಕದಲ್ಲಿ ಮಂಡಿ ಸವೆತದ 204 ಜನರ ಮೇಲೆ ನಡೆದ ಅಧ್ಯಯನದಲ್ಲಿ 12 ವಾರದ ತಾಯ್‌ಚಿ, ಫಿಸಿಯೋಥೆರಪಿಯಷ್ಟೇ ಉಪಯೋಗಕ್ಕೆ ಬಂತು. 2012ರ ಇನ್ನೊಂದು ಅಧ್ಯಯನದಲ್ಲಿ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಇರುವವರಿಗೆ ಆರು ತಿಂಗಳು ತಾಯ್‌ಚಿ ಕಲಿಸಿದಾಗ ಸಮತೋಲನ ಸುಧಾರಿಸಿತು, ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಕಡಿಮೆ ಬಿದ್ದರು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದನ್ನು ನೋಡಿದ ಯಾರಿಗೇ ಆದರೂ ಇದರ ಬೆಲೆ ಗೊತ್ತು. ನನ್ನನ್ನು ಕೇಳಿದರೆ, ಅಮ್ಮ ಇದನ್ನು ಮಾಡಬೇಕಾದ್ದು ಬಿಪಿಗಿಂತ ಹೆಚ್ಚಾಗಿ ಇದಕ್ಕೇ.

ಮಾಡುವಾಗ ಕೆಲವು ಕಡೆ ಜಾಗ್ರತೆ ಬೇಕು. ಐದನೆಯ ಚಲನೆಯಲ್ಲಿ ಕಾಲು ಅಗಲಿಸಿ ಆಳವಾಗಿ ಕೂರುತ್ತಾರೆ, ಮಂಡಿ ನೋಯುವವರು ಸ್ವಲ್ಪವೇ ಬಗ್ಗಿದರೆ ಸಾಕು. ಆರನೆಯದರಲ್ಲಿ ಪಾದ ಮುಟ್ಟಲೇಬೇಕೆಂಬ ಹಟ ಬೇಡ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ ತಲೆ ಕೆಳಗೆ ಬಗ್ಗಿಸುವುದೇ ಬೇಡ. ಬಾಗಿದವರು ಮೆಲ್ಲಗೆ ಏಳಲಿ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರು ಹೇಳಿದ್ದರೆ ಆ ‘ನೂರು ರೋಗ ಮಾಯ’ದ ಕುಕ್ಕುವಿಕೆ ಬಿಡಲಿ, ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸಿದರಾಯಿತು. ಪಕ್ಕದಲ್ಲಿ ಒಂದು ಗಟ್ಟಿ ಕುರ್ಚಿ ಇರಲಿ.

ಪುಡಿಯ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಚೀನೀ ಮೂಲಿಕೆಗಳಲ್ಲಿ ಸತ್ವವಿಲ್ಲ ಅಂತಲ್ಲ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಹುಡುಕಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು, ಸುಳಿವು ಸಿಕ್ಕಿದ್ದು ಹಳೆಯ ವೈದ್ಯಗ್ರಂಥದಲ್ಲೇ. ಆದರೆ ಅವರು ಸತ್ವವನ್ನು ಬೇರ್ಪಡಿಸಿ, ಪರೀಕ್ಷಿಸಿ ಕೊಟ್ಟರು. ಡಬ್ಬಿಯ ಪುಡಿಗೆ ಅಂಥ ಭರವಸೆ ಯಾರು ಕೊಡುತ್ತಾರೆ? ಚೀನೀ ಮಿಶ್ರಣಗಳಲ್ಲಿ ಬಹಳ ಸಲ ಬರುವ ಜ್ಯೇಷ್ಠಮಧುವನ್ನೇ ತೆಗೆದುಕೊಳ್ಳಿ. ನಮ್ಮಲ್ಲೂ ಕೆಮ್ಮಿಗೆ ಚೀಪುವ ಬೇರು. ಹೆಚ್ಚಾಗಿ, ಬಹಳ ದಿನ ತಿಂದರೆ ಅದು ಪೊಟ್ಯಾಸಿಯಂ ಇಳಿಸಿ ಬಿಪಿಯನ್ನು ಏರಿಸುತ್ತದೆ! ಮಾಹುವಾಂಗ್ ಎಂಬ ಇನ್ನೊಂದು ಮೂಲಿಕೆಯೂ ಬಿಪಿ ಏರಿಸುವಂಥದ್ದು, ಅದಿರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಒಂದು ಚೀನೀ ಬೇರಿನ ಬದಲು ಇನ್ನೊಂದು ಸೇರಿಹೋಗಿ ಹಲವಾರು ಹೆಂಗಸರ ಕಿಡ್ನಿ ಕೆಟ್ಟಿತು. ಹಾಗೆ ತಪ್ಪಾಗಿ ಸೇರಿದ ಗಿಡ ನಮ್ಮ ಈಶ್ವರಿ ಬಳ್ಳಿಯ ಕುಲದ್ದು. ಈಗಾಗಲೇ ಡಬ್ಬಿ ಮನೆಗೆ ಬಂದಿದ್ದರೆ ತೆರೆಯದೆ ಡಾಕ್ಟರಿಗೆ ತೋರಿಸಿ.

ಇನ್ನು ಅಮ್ಮನನ್ನು ಒಪ್ಪಿಸುವ ದಾರಿ. ವ್ಯಾಯಾಮ ಮುಗಿದ ಕೂಡಲೇ ಬಿಪಿ ನೋಡಿದರೆ ಕಡಿಮೆಯೇ ಕಾಣಬಹುದು, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ. ಬಹುಶಃ ಅವರು ಅದನ್ನೇ ನೋಡಿ ಹಿಗ್ಗುತ್ತಿದ್ದಾರೆ. ವ್ಯಾಯಾಮ, ಕಾಫಿ ಆದಮೇಲೆ ಅರ್ಧ ಗಂಟೆಯಾದರೂ ಬಿಟ್ಟು, ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂರಿಸಿ, ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡಿ. ಕೆಲವು ವಾರದ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಅಂಕಿಗಳು ನಿಜವಾಗಿ ಕೆಳಗೆ ನಿಂತಿದ್ದರೆ ಡೋಸ್ ಇಳಿಸಲು ಅವರೇ ಮುಂದಾಗುತ್ತಾರೆ.